ಒತ್ತೆಯಾಳಾಗಿದ್ದ ಹುಡುಗ

ಅಪ್ಪನೇ ಬೇಡವೆಂದ ಮಗ ಒಂದು ರಾಜ್ಯವನ್ನೇ ಕಾಪಾಡಿದ ಕಥೆಯಿದು. 1152ರಲ್ಲಿ ಇಂಗ್ಲೆಂಡಿನ ರಾಜ ಸ್ಟೀಫನ್ ನ್ಯೂಬರಿ ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆಯ ಒಡೆಯ ಜಾನ್ ಮಾರ್ಷಲ್, ಕದನವಿರಾಮಕ್ಕಾಗಿ ತನ್ನ ಪುಟ್ಟ ಮಗ ವಿಲಿಯಂನನ್ನು ಒತ್ತೆಯಿಟ್ಟ. ಆಮೇಲೆ ಮಾತಿಗೆ ತಪ್ಪಿ ಕೋಟೆಯೊಳಗೆ ಸೈನಿಕರನ್ನು ತುಂಬಿಸಿಕೊಂಡ. ಹುಡುಗನನ್ನು ನೇಣಿಗೇರಿಸುವುದಾಗಿ ಬೆದರಿಸಿದರೆ, ಬೇರೆ ಮಕ್ಕಳನ್ನು ಹುಟ್ಟಿಸಬಲ್ಲೆ ಎಂದು ಹೇಳಿ ಕಳಿಸಿದನಂತೆ. ಎಂಥ ಅಪ್ಪ! ಕೊಲ್ಲಲು ಮನಸ್ಸಾಗದೆ ರಾಜನೇ ಮಗುವನ್ನು ಉಳಿಸಿದ.

ವಿಲಿಯಂ ನಾಲ್ಕನೆಯ ಮಗ; ಆಸ್ತಿಯ ಆಸೆಯಿರಲಿಲ್ಲ. ನಾರ್ಮಂಡಿಯ ಬಂಧುವೊಬ್ಬನ ಮನೆಯಲ್ಲಿ ಯುದ್ಧವಿದ್ಯೆ ಕಲಿತು, ಪಂದ್ಯಗಳಿಗೆ ಇಳಿದ. ಆ ಪಂದ್ಯಗಳಲ್ಲಿ ಸೋತವನ ಕುದುರೆ, ಕವಚ ಗೆದ್ದವನಿಗೆ. ಬಿಡುಗಡೆಗೆ ಹಣವೂ ಕೊಡಬೇಕು. ಅದೇ ಅವನ ಸಂಪಾದನೆ. ಸುಮಾರು 500 ಯೋಧರನ್ನು ಸೆರೆಹಿಡಿದೆನೆಂದು ಕೊನೆಗಾಲದಲ್ಲಿ ಲೆಕ್ಕ ಹೇಳಿದ್ದನಂತೆ.

1189ರಲ್ಲಿ, ತಂದೆಯ ಮೇಲೆ ದಂಗೆಯೆದ್ದು ಬೆನ್ನಟ್ಟಿ ಬಂದ ರಾಜಕುಮಾರ ರಿಚರ್ಡ್‌ನ ಕುದುರೆಯನ್ನು ವಿಲಿಯಂ ಕೊಂದು ಅವನನ್ನು ತಡೆದ. ಅದೇ ರಿಚರ್ಡ್ ಪಟ್ಟಕ್ಕೆ ಬಂದಾಗ ಶಿಕ್ಷಿಸಲಿಲ್ಲ. ಬದಲಿಗೆ ವೇಲ್ಸ್, ಐರ್ಲೆಂಡಿನ ದೊಡ್ಡ ಆಸ್ತಿಯ ವಾರಸುದಾರಳಾದ ಇಸಬೆಲ್ ಡಿ ಕ್ಲೇರ್‌ಳನ್ನು ಕೊಟ್ಟು ಮದುವೆ ಮಾಡಿಸಿದ. ವರನಿಗೆ ಆಗಲೇ 40 ದಾಟಿತ್ತು. 1199ರಲ್ಲಿ ಪೆಂಬ್ರೋಕ್‌ನ ಅರ್ಲ್ ಪದವಿಯೂ ದಕ್ಕಿತು.

ಹತ್ತು ಮಕ್ಕಳಾದರು. ಆದರೆ ಮುಂದಿನ ರಾಜ ಜಾನ್ ಅವನನ್ನು ನಂಬದೆ, ಮೊದಲ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತರಿಸಿಕೊಂಡ. ಬಾಲ್ಯದಲ್ಲಿ ತಾನುಂಡ ನೋವನ್ನೇ ಅಪ್ಪನಾಗಿ ಮತ್ತೆ ಉಣ್ಣಬೇಕಾಯಿತು. ಆದರೂ 1216ರಲ್ಲಿ ಜಾನ್ ಸತ್ತಾಗ ಅವನ 9 ವರ್ಷದ ಮಗ ಹೆನ್ರಿಯ ಪರವಾಗಿ ಆಡಳಿತ ಹೊತ್ತವನು ಇವನೇ. ಮರುವರ್ಷ, 70ರ ಹರೆಯದಲ್ಲಿ ಲಿಂಕನ್ ಯುದ್ಧ ಗೆದ್ದ.

1219ರಲ್ಲಿ ತೀರಿಕೊಂಡ ವಿಲಿಯಂನ ಸಮಾಧಿ ಲಂಡನ್ನಿನ ಟೆಂಪಲ್ ಚರ್ಚಿನಲ್ಲಿದೆ. ಐವರು ಗಂಡುಮಕ್ಕಳೂ ಒಬ್ಬರಾದ ಮೇಲೊಬ್ಬರಂತೆ ವಾರಸುದಾರರಿಲ್ಲದೆ ಸತ್ತರು. 1245ರ ನಂತರ ಆಸ್ತಿಯೆಲ್ಲ ಐವರು ಹೆಣ್ಣುಮಕ್ಕಳ ಮನೆತನಗಳಿಗೆ ಹಂಚಿಹೋಯಿತು.