ಗ್ರಹಾಂ ಬೆಲ್ಲನ ಬಾಲ್ಯ ಮತ್ತು ದೂರವಾಣಿ

ಭಾನುವಾರ ಬೆಳಿಗ್ಗೆ ಊರಿನಲ್ಲಿರುವ ಹಿರಿಯರೊಡನೆ ದೂರವಾಣಿಯಲ್ಲಿ ಮಾತನಾಡುವ ವಾಡಿಕೆ ಪರಸ್ಥಳದಲ್ಲಿ ನೆಲೆಸಿದ ನಮ್ಮೆಲ್ಲರ ಮನೆಗಳಲ್ಲಿಯೂ ಉಂಟು. ಈ ಸೌಕರ್ಯವನ್ನಿತ್ತ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಬಾಲಕನಾಗಿದ್ದಾಗ ಅವನ ಕೈಗೆ ಕೆಲಸ ಕೊಟ್ಟ ಹಿರಿಯರನ್ನು ಬಲ್ಲವರು ವಿರಳ.

ಬೆಲ್ ಹುಟ್ಟಿದುದು 1847ನೆಯ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಂದೆ ಉಚ್ಚಾರಣಶಾಸ್ತ್ರದ ಪಂಡಿತ. ತಾಯಿಗೆ ಬರಬರುತ್ತ ಕಿವಿ ಮಂದವಾಯಿತು. ಮಗನು ಅವಳ ಹಣೆಯ ಬಳಿ ಬಾಯಿಟ್ಟು ಮೆಲ್ಲನೆ ಮಾತನಾಡುತ್ತಿದ್ದನು. ಶಾಲೆಯ ಪಾಠದಲ್ಲಿ ಹುಡುಗ ಸಾಧಾರಣ.

ಹನ್ನೆರಡು ವರ್ಷದ ಸುಮಾರಿಗೆ ಅವನೂ ಗೆಳೆಯ ಬೆನ್ ಹರ್ಡ್‌ಮನ್ನನೂ ಬೆನ್ನನ ತಂದೆಯ ಹಿಟ್ಟಿನ ಗಿರಣಿಯಲ್ಲಿ ತುಂಟಾಟವಾಡುತ್ತಿದ್ದರು. ಒಮ್ಮೆ ಆ ಹಿರಿಯನು ಹುಡುಗರನ್ನು ಕರೆದು ಗದರಿ, ಆಟದ ಬದಲು ಗೋದಿಯ ಹೊಟ್ಟು ತೆಗೆಯುವ ಉಪಾಯವನ್ನು ಹುಡುಕಿರೆಂದನು. ಬೆಲ್ ಉಗುರು ತಿಕ್ಕುವ ಬ್ರಷ್ಷಿನಿಂದ ಕಾಳುಗಳನ್ನು ಉಜ್ಜಿ ನೋಡಿದನು, ಹೊಟ್ಟು ಬಿಟ್ಟಿತು. ಬಳಿಕ ತಿರುಗುವ ಹಲಗೆಗಳನ್ನೂ ಬ್ರಷ್ಷುಗಳನ್ನೂ ಕೂಡಿಸಿ ಯಂತ್ರವೊಂದನ್ನು ಯೋಜಿಸಿದನು. ಅದು ಹಲವು ವರ್ಷ ಗಿರಣಿಯಲ್ಲಿ ದುಡಿಯಿತು. ಸಂತುಷ್ಟನಾದ ಹಿರಿಯನು ಇನ್ನಷ್ಟು ಯಂತ್ರಗಳನ್ನು ಕಲ್ಪಿಸಲೆಂದು ಹುಡುಗರಿಗೆ ಸಣ್ಣ ಕಾರ್ಯಾಗಾರವನ್ನೇ ಬಿಟ್ಟುಕೊಟ್ಟನು.

1863ರಲ್ಲಿ ತಂದೆಯು ಮಗನಿಗೆ ವಿಜ್ಞಾನಿ ವೀಟ್‌ಸ್ಟನ್ನನ ಮಾತನಾಡುವ ಯಂತ್ರವನ್ನು ತೋರಿಸಿದನು. ಬಳಿಕ ಅವನೂ ಅಣ್ಣ ಮೆಲ್ವಿಲ್ಲನೂ ಅಂಥದೊಂದನ್ನು ತಾವೇ ಮಾಡಲು ತೊಡಗಿದಾಗ, ಸಾಮಗ್ರಿಯ ವೆಚ್ಚವನ್ನು ವಹಿಸಿಕೊಂಡು ಬಹುಮಾನದ ಆಸೆಯನ್ನೂ ತೋರಿಸಿದನು. ಅಣ್ಣನು ಗಂಟಲನ್ನು ಮಾಡಿದನು, ತಮ್ಮನು ನಾಲಗೆ ತುಟಿಗಳನ್ನು. ಅಣ್ಣ ಗಾಳಿಯೂದಲು, ತಮ್ಮ ತುಟಿಗಳನ್ನಾಡಿಸಲು, ಬೊಂಬೆಯ ತಲೆ ಎಳೆಗೂಸಿನಂತೆ ಅಮ್ಮನನ್ನು ಕೂಗಿತು. ಯಾರ ಮಗು ಅಳುತ್ತಿದೆಯೆಂದು ನೆರೆಯವರು ಬಂದು ನೋಡಿದರಂತೆ! ಬೊಂಬೆ ಮಾತಾಡುವುದೇ ತಂದೆಗೆ ಮುಖ್ಯವಾಗಿರಲಿಲ್ಲ. ಮಾಡುವ ಯತ್ನದಲ್ಲಿ ಮಕ್ಕಳು ಧ್ವನಿಯ ಮರ್ಮವನ್ನರಿಯಲೆಂಬುದು ಅವನ ಉದ್ದೇಶ.

ವಿಧಿ ಆ ಮನೆಯ ಮೇಲೆ ಕರುಣೆ ತೋರಲಿಲ್ಲ. 1867ರಲ್ಲಿ ಕಿರಿಯ ಮಗ ಎಡ್ವರ್ಡ್, 1870ರಲ್ಲಿ ಗಂಟಲನ್ನು ಮಾಡಿದ ಮೆಲ್ವಿಲ್, ಇಬ್ಬರೂ ಕ್ಷಯಕ್ಕೆ ತುತ್ತಾದರು. ಉಳಿದೊಬ್ಬ ಮಗನನ್ನು ಕಾಪಾಡಿಕೊಳ್ಳಲು ತಂದೆತಾಯಿಗಳು ಅದೇ ವರ್ಷ ಕೆನಡಾಕ್ಕೆ ವಲಸೆ ಹೋದರು.

1871ರಲ್ಲಿ ಬೆಲ್ ಅಮೆರಿಕೆಯ ಬಾಸ್ಟನ್ನಿನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳತೊಡಗಿದನು. 1874ರಲ್ಲಿ ಸತ್ತವನೊಬ್ಬನ ಕಿವಿಯನ್ನಿಟ್ಟುಕೊಂಡು ಪ್ರಯೋಗ ಮಾಡುವಾಗ ಅವನಿಗೊಂದು ವಿಚಾರ ಹೊಳೆಯಿತು. ಕಿವಿಯ ತೆಳುಪೊರೆ ಒಳಗಿನ ಮೂಳೆಗಳನ್ನಾಡಿಸಬಲ್ಲುದಾದರೆ, ಅಂಥ ಪೊರೆ ಕಬ್ಬಿಣದ ತುಂಡನ್ನೇಕೆ ಆಡಿಸಬಾರದು? ಅದರಿಂದ ವಿದ್ಯುತ್ತು ಮಾತಿನಂತೆಯೇ ಏಕೆ ಏರಿಳಿಯಬಾರದು? 1876ನೆಯ ಮಾರ್ಚ್ 10ರಂದು ಬೇರೆ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್ನನಿಗೆ ಅವನ ಮಾತು ತಂತಿಯ ಮೂಲಕ ಕೇಳಿಸಿತು.

ದೋಷವಿಲ್ಲದ ಮನುಷ್ಯನಿಲ್ಲ. ಕಿವುಡ ಮಕ್ಕಳು ಕೈಸನ್ನೆಯ ಭಾಷೆಯನ್ನು ಬಿಟ್ಟು ಬಾಯಿಮಾತನ್ನೇ ಕಲಿಯಬೇಕೆಂದು ಬೆಲ್ ಹಟ ಹಿಡಿದನು. ಅದರಿಂದಾದ ನೋವನ್ನು ಆ ಸಮಾಜ ಇನ್ನೂ ಮರೆತಿಲ್ಲ. ತನ್ನ ಮಾತನ್ನು ಬಿಡೆಂದಾಗ ಆಗುವ ಸಂಕಟವನ್ನು ಹೊರನಾಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

1922ನೆಯ ಆಗಸ್ಟ್ 2ರಂದು ಬೆಲ್ ಕೆನಡಾದಲ್ಲಿ ತೀರಿಕೊಂಡನು. ಅವನ ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕೆಯ ದೂರವಾಣಿಗಳೆಲ್ಲ ಒಂದು ನಿಮಿಷ ಮೌನವಾದುವು.

ಬ್ಯಾಂಕಿನ ಲೆಕ್ಕವಲ್ಲದೆ ಯಂತ್ರದ ವಿದ್ಯೆ ನನಗೆ ತಿಳಿಯದು. ಕಳೆದ ತಿಂಗಳು ಮಗನು ಗೋಡೆ ಗಡಿಯಾರವನ್ನು ಬಿಚ್ಚಿ ಹರವಿದಾಗ ಗದರಿ ಕಸಿದುಕೊಂಡೆ. ಈ ಚರಿತ್ರೆಯನ್ನೋದಿದ ಮೇಲೆ ಗಡಿಯಾರವನ್ನೂ ಒಂದು ತಿರುಪುಳಿಯನ್ನೂ ಅವನ ಕೈಗೇ ಕೊಟ್ಟಿದ್ದೇನೆ. ಅದು ಇನ್ನೂ ನಡೆದಿಲ್ಲ. ಆದರೂ ಚಿಂತೆಯಿಲ್ಲ, ಎಲ್ಲಿ ತಪ್ಪಿತೆಂದು ಅವನು ಕಾಗದದ ಮೇಲೆ ಚಿತ್ರ ಬರೆದು ಹುಡುಕುತ್ತಿದ್ದಾನೆ.