ತೇಲಿದ್ದೆಲ್ಲ ಪ್ಲಾಸ್ಟಿಕ್ ಅಲ್ಲ: ವಸ್ತುಗಳ ಗುರುತು ಹಿಡಿಯಲು ಕಲಿಸಿದ ಸರ್ ಸಿ.ವಿ. ರಾಮನ್

ಪಡಿತರ ಅಕ್ಕಿಯನ್ನು ನೀರಿಗೆ ಹಾಕಿದಾಗ ಕೆಲವು ಕಾಳು ತೇಲಿದರೆ ಅದು ಪ್ಲಾಸ್ಟಿಕ್ ಅಕ್ಕಿ. ಅನ್ನದ ಉಂಡೆ ನೆಲಕ್ಕೆ ಎಸೆದಾಗ ಪುಟಿದರೆ ಪ್ಲಾಸ್ಟಿಕ್ ಅನ್ನ. ಗಾಜಿನ ಮೇಲೆ ಗೀರು ಬಿದ್ದರೆ ಹರಳು ಅಸಲಿ ವಜ್ರ. ಇಂಥ ವಿಡಿಯೊಗಳು ನಿಮ್ಮ ಗ್ರೂಪಿಗೂ ಬಂದಿರುತ್ತವೆ. ಮೂರರಲ್ಲೂ ಇರುವುದು ಒಂದೇ ತಪ್ಪು. ವಸ್ತುವಿನ ಒಂದೇ ಒಂದು ಗುಣ ನೋಡಿ ತೀರ್ಪು ಕೊಟ್ಟುಬಿಡುವುದು.

ಹೊಳಪು ಇದೆಯೇ, ಗಟ್ಟಿಯೋ ಮೆತ್ತಗೋ, ನೀರಿನಲ್ಲಿ ಕರಗುತ್ತದೆಯೇ, ತೇಲುತ್ತದೆಯೇ, ಬೆಳಕು ಅದರೊಳಗಿಂದ ದಾಟುತ್ತದೆಯೇ? ಆರನೇ ತರಗತಿಯ ಮಕ್ಕಳು ಸುತ್ತಲಿನ ವಸ್ತುಗಳನ್ನು ಗುಂಪು ಮಾಡಲು ಕಲಿಯುವುದು ಈ ಪ್ರಶ್ನೆಗಳಿಂದಲೇ. ಇದೇ ಪಾಠವನ್ನು ಜೀವನವಿಡೀ ಬಿಡದೆ ಮಾಡಿದವರೊಬ್ಬರು ಬೆಂಗಳೂರಿನಲ್ಲಿ 37 ವರ್ಷ ಇದ್ದರು. ಅವರೇ ಚಂದ್ರಶೇಖರ ವೆಂಕಟ ರಾಮನ್.

ಆಫೀಸಿಗೆ ಮೊದಲು, ಆಫೀಸಿನ ನಂತರ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಕಾಲೇಜು ಮೇಷ್ಟ್ರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಅವರು ಬರೆದ ಲೇಖನ ಇಂಗ್ಲೆಂಡಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಆಗ ವಿಜ್ಞಾನ ಓದಿದವರಿಗೆ ಸಂಶೋಧನೆಯ ಕೆಲಸ ಸಿಗುತ್ತಿರಲಿಲ್ಲ. 1907ರಲ್ಲಿ ಅವರು ಸರ್ಕಾರದ ಹಣಕಾಸು ಇಲಾಖೆ ಸೇರಿ ಕಲ್ಕತ್ತೆಗೆ ಹೋದರು.

ಅಲ್ಲಿ ಬೌಬಜಾರ್ ರಸ್ತೆಯಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಸ್ಥೆ ಇತ್ತು. ಬೆಳಿಗ್ಗೆ ಆಫೀಸಿಗೆ ಮೊದಲು ಮತ್ತು ಸಂಜೆ ಆಫೀಸು ಮುಗಿದ ಮೇಲೆ ರಾಮನ್ ಅಲ್ಲಿ ಪ್ರಯೋಗ ಮಾಡುತ್ತಿದ್ದರು. ಹಲವು ವರ್ಷ ಹೀಗೇ ನಡೆಯಿತು. 1917ರಲ್ಲಿ ದೊಡ್ಡ ಸಂಬಳದ ಸರ್ಕಾರಿ ಹುದ್ದೆ ಬಿಟ್ಟು, ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಅವರು ಮೊದಲು ಹಿಡಿದದ್ದು ಮನೆಯಲ್ಲಿ, ಕಚೇರಿಗಳಲ್ಲಿ ಕೇಳುವ ವಾದ್ಯಗಳನ್ನು. ಸಾಮಾನ್ಯ ಡೋಲು ಬಡಿದರೆ ಸದ್ದು ಬರುತ್ತದೆ, ಆದರೆ ತಬಲಾ ಮತ್ತು ಮೃದಂಗದಿಂದ ಶ್ರುತಿ ಬರುತ್ತದೆ. ಏಕೆ? ಚರ್ಮದ ನಡುವೆ ಹಚ್ಚುವ ಕಪ್ಪು ಲೇಪನದ ತೂಕ ಚರ್ಮ ಕಂಪಿಸುವ ರೀತಿಯನ್ನೇ ಬದಲಿಸುತ್ತದೆ ಎಂದು ರಾಮನ್ ತೋರಿಸಿಕೊಟ್ಟರು. ಎರಡರಲ್ಲೂ ಇರುವುದು ಚರ್ಮವೇ. ಆದರೂ ಗುಣ ಬೇರೆ.

ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೇ?

ಇದು ಇಂದಿಗೂ ಫಾರ್ವರ್ಡ್ ಆಗುವ ಮಾತು. ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೂ ನಂಬಿದ್ದ ಮಾತು. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಬರುವಾಗ ರಾಮನ್ ಹಡಗಿನಿಂದ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ನೋಡಿದರು. ಅವರ ಬಳಿ ನಿಕಲ್ ಪ್ರಿಸಂ ಎಂಬ ಸಣ್ಣ ಹರಳಿನ ಸಾಧನ ಇತ್ತು. ಅದನ್ನು ಸರಿಯಾದ ಕೋನದಲ್ಲಿ ಹಿಡಿದು ತಿರುಗಿಸಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆಯಬಹುದು. ಹಾಗೆ ಆಕಾಶದ ಪ್ರತಿಬಿಂಬ ಅಳಿಸಿ ನೋಡಿದಾಗಲೂ ನೀಲಿ ಹೋಗಲಿಲ್ಲ. ಅಂದರೆ ಆ ಬಣ್ಣ ಬರುತ್ತಿದ್ದದ್ದು ನೀರಿನೊಳಗಿಂದ.

ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಕಾರಣ ಎಂದು ರಾಮನ್ ಹೇಳಿದರು. ನೀರು ಕೆಂಪು ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಕೊಳ್ಳುವುದೂ ಇದಕ್ಕೆ ದೊಡ್ಡ ಕಾರಣ ಎಂದು ಈಗ ಗೊತ್ತಿದೆ. ಆದರೆ ಬರೀ ಪ್ರತಿಬಿಂಬ ಅಲ್ಲ ಎಂಬುದು ಅಂದೇ ಸಾಬೀತಾಯಿತು.

ಇಲ್ಲಿ ಕಲಬುರಗಿ ಸೀಮೆಯವರಿಗೆ ಒಂದು ಸ್ವಾರಸ್ಯ ಇದೆ. ನಿಕಲ್ ಪ್ರಿಸಂ ಮಾಡುವುದು ಕ್ಯಾಲ್ಸೈಟ್ ಹರಳಿನಿಂದ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣಕಲ್ಲು, ಅದರಲ್ಲಿ ಮುಖ್ಯವಾಗಿ ಇರುವುದೂ ಕ್ಯಾಲ್ಸೈಟೇ. ಒಂದು ಗಾಜಿನಂತೆ ಪಾರದರ್ಶಕ, ಇನ್ನೊಂದರ ಆಚೆ ಏನೂ ಕಾಣದು. ಸಕ್ಕರೆಯನ್ನೂ ನೋಡಿ. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಅಲ್ಲಿಯ ಒಂದು ಹರಳನ್ನು ಬೆಳಕಿಗೆ ಹಿಡಿದರೆ ಬೆಳಕು ದಾಟುತ್ತದೆ. ಹರಳುಗಳ ರಾಶಿ ಮಾತ್ರ ಬೆಳ್ಳಗೆ ಕಾಣುತ್ತದೆ, ಏಕೆಂದರೆ ಸಾವಿರಾರು ಮುಖಗಳಿಂದ ಬೆಳಕು ಚದುರುತ್ತದೆ. ಕಣ್ಣಿಗೆ ಕಂಡ ಬಣ್ಣವೊಂದನ್ನೇ ನಂಬಿದರೆ ಒಂದೇ ವಸ್ತುವನ್ನು ಎರಡು ಎಂದುಕೊಳ್ಳುತ್ತೇವೆ.

ಕೊಳೆಯೋ, ಹೊಸ ಗುಣವೋ?

1923ರಲ್ಲಿ ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ನೀರಿನಲ್ಲಿ ಚದುರಿದ ಬೆಳಕನ್ನು ಪರೀಕ್ಷಿಸುತ್ತಿದ್ದರು. ಒಳಗೆ ಬಿಟ್ಟ ಬಣ್ಣದ ಜೊತೆಗೆ ಬೇರೆ ಬಣ್ಣವೊಂದು ಮಸುಕಾಗಿ ಕಂಡಿತು. ಕೆಲವು ವಸ್ತುಗಳು ಬೆಳಕು ಬಿದ್ದಾಗ ತಾವೇ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ, ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ನೀರಿನಲ್ಲಿರುವ ಕೊಳೆಯಿಂದ ಹೀಗೆ ಆಗಿರಬೇಕು ಎಂಬ ಅನುಮಾನ ಬಂತು. ಮತ್ತೆ ಮತ್ತೆ ಶುದ್ಧ ಮಾಡಿದರು. ಬೇರೆ ಬಣ್ಣ ಹೋಗಲಿಲ್ಲ.

ಕೆಲವು ವರ್ಷಗಳ ಬಳಿಕ ಎಸ್. ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್‌ನಲ್ಲಿ ಹಸಿರು ಬೆಳಕು ಕಂಡರು. ಆಗ ಎರಡನೇ ಗುಣವನ್ನೂ ನೋಡಿದರು. ಆ ಬೆಳಕಿನ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದ್ದವು. ಅವರಿಗೆ ತಿಳಿದಿದ್ದ ಪ್ರತಿದೀಪ್ತಿಯಲ್ಲಿ ಹಾಗೆ ಇರುತ್ತಿರಲಿಲ್ಲ. ಬಣ್ಣ ಬದಲಾಗುವುದು ಎರಡರಲ್ಲೂ ಒಂದೇ, ಆದರೆ ಇನ್ನೊಂದು ಗುಣ ಸೇರಿಸಿ ನೋಡಿದಾಗ ಎರಡೂ ಬೇರೆ ಎಂದು ಗೊತ್ತಾಯಿತು.

ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅಷ್ಟಕ್ಕೇ ನಿಲ್ಲಿಸದೆ ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು ಬದಲಾದ ಬಣ್ಣದ ಗೆರೆಗಳು ಸ್ಪಷ್ಟವಾಗಿ ಕಂಡವು. 1930ರಲ್ಲಿ ನೊಬೆಲ್ ಬಂತು. ರಾಷ್ಟ್ರೀಯ ವಿಜ್ಞಾನ ದಿನ ರಾಮನ್ ಹುಟ್ಟಿದ ದಿನ ಎಂಬ ಫಾರ್ವರ್ಡ್ ತಪ್ಪು. ಅದು ಈ ಶೋಧದ ದಿನ.

ಶೋಧ ಇಷ್ಟೇ: ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ ಬಹುಪಾಲು ಅದೇ ಬಣ್ಣದಲ್ಲಿ ಚದುರುತ್ತದೆ. ಕೋಟಿಗೆ ಒಂದರಷ್ಟು ಮಾತ್ರ ಬಣ್ಣ ಬದಲಿಸುತ್ತದೆ. ಎಷ್ಟು ಬದಲಾಗುತ್ತದೆ ಎಂಬುದು ಆ ವಸ್ತುವಿನ ಅಣುಗಳು ಕಂಪಿಸುವ ರೀತಿಯ ಮೇಲೆ ನಿಂತಿದೆ. ಹಾಗಾಗಿ ಇದು ವಸ್ತುವಿನ ಬೆರಳಚ್ಚು ಇದ್ದ ಹಾಗೆ. ಇಂದು ನಕಲಿ ಔಷಧ ಹಿಡಿಯಲು, ಹರಳು ಪರೀಕ್ಷಿಸಲು, ಮಂಗಳ ಗ್ರಹದ ಕಲ್ಲು ಓದಲು ಇದನ್ನೇ ಬಳಸುತ್ತಾರೆ.

ಬೆಂಗಳೂರು, ವಜ್ರ ಮತ್ತು ಒಂದು ಸೋಲು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು, 1948ರವರೆಗೆ ಅಲ್ಲೇ ಪ್ರಾಧ್ಯಾಪಕರಾಗಿದ್ದರು. ಆಮೇಲೆ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದರು. ಅಲ್ಲಿ ಖನಿಜ, ಹರಳು, ಚಿಪ್ಪು, ಚಿಟ್ಟೆಗಳನ್ನು ಕೂಡಿಸಿದರು. ಚಿಪ್ಪಿನ ಒಳಗಿನ ಕಾಮನಬಿಲ್ಲಿನ ಬಣ್ಣ ಯಾವುದೇ ಬಣ್ಣದ ಪುಡಿಯಿಂದ ಅಲ್ಲ, ತೆಳು ಪದರಗಳಿಂದ ಬರುತ್ತದೆ. ಮುತ್ತು, ಹವಳ, ಶಹಾಬಾದ್ ಕಲ್ಲು, ಮೂರರಲ್ಲೂ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹೊಳಪು ಮಾತ್ರ ಬೇರೆ ಬೇರೆ.

ವಜ್ರ ಅವರಿಗೆ ಬಹಳ ಪ್ರಿಯ. ವಜ್ರ ಗಾಜನ್ನು ಗೀರುತ್ತದೆ ನಿಜ, ಆದರೆ ಬಿಳಿ ಸ್ಫಟಿಕವೂ ಗೀರುತ್ತದೆ. ವಜ್ರ ಎಲ್ಲಕ್ಕಿಂತ ಗಡಸು, ಆದರೂ ಸುತ್ತಿಗೆ ಏಟಿಗೆ ಒಡೆಯಬಹುದು. ಗೀರು ತಡೆಯುವುದು ಒಂದು ಗುಣ, ಏಟು ತಡೆಯುವುದು ಇನ್ನೊಂದು.

ವಜ್ರದೊಳಗಿನ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬ ಬಗ್ಗೆ ರಾಮನ್ ಮತ್ತು ಜರ್ಮನ್ ಮೂಲದ ಮ್ಯಾಕ್ಸ್ ಬಾರ್ನ್ ನಡುವೆ ದೊಡ್ಡ ವಾದ ನಡೆಯಿತು. ಕೊನೆಗೆ ನಿಂತದ್ದು ಬಾರ್ನ್ ಅವರ ಸಿದ್ಧಾಂತ. ನೊಬೆಲ್ ಪಡೆದವರ ಮಾತೂ ಪ್ರಯೋಗದ ಮುಂದೆ ಸೋಲಬಹುದು. ದೊಡ್ಡವರ ಫೋಟೊ ಹಾಕಿದ ಫಾರ್ವರ್ಡ್ ನೋಡುವಾಗ ಇದು ನೆನಪಿರಲಿ.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಅವರು ಬಯಸಿದಂತೆ ಸಂಸ್ಥೆಯ ಅಂಗಳದಲ್ಲೇ ಅಂತ್ಯಕ್ರಿಯೆ ನಡೆಯಿತು. ಸ್ಮಾರಕ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಹಾಗಾದರೆ ಆ ಅಕ್ಕಿ?

ಪಡಿತರದಲ್ಲಿ, ಶಾಲೆಯ ಬಿಸಿಯೂಟದಲ್ಲಿ ಕೊಡುತ್ತಿದ್ದ ಸಾರವರ್ಧಿತ ಅಕ್ಕಿಯಲ್ಲಿ 100ಕ್ಕೆ 1ರ ಪ್ರಮಾಣದಲ್ಲಿ ಬೇರೆ ಕಾಳು ಬೆರೆಸಿರುತ್ತಿದ್ದರು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ತಂದ ಕಾಳು ಅದು. ಬಣ್ಣ ಸ್ವಲ್ಪ ಬೇರೆ ಇರಬಹುದು, ನೀರಿನಲ್ಲಿ ತೇಲಲೂಬಹುದು. ತೇಲಿದ ಮಾತ್ರಕ್ಕೆ ಪ್ಲಾಸ್ಟಿಕ್ ಅಲ್ಲ. ಎಲ್ಲ ಪ್ಲಾಸ್ಟಿಕ್ ತೇಲುವುದೂ ಇಲ್ಲ, ಪಿವಿಸಿ ಮುಳುಗುತ್ತದೆ.

ಎರಡನೇ ಗುಣ ನೋಡಿ. ಆ ಕಾಳುಗಳನ್ನು ನೀರಿನಲ್ಲಿ ಬೇಯಿಸಿ. ನೀರು ಹೀರಿ ಉಬ್ಬಿ ಮೆತ್ತಗಾಯಿತೇ? ಅದು ಪಿಷ್ಟ. ಪ್ಲಾಸ್ಟಿಕ್ ಹಾಗೆ ನೀರು ಕುಡಿದು ಬೇಯುವುದಿಲ್ಲ. ಅನ್ನದ ಉಂಡೆ ಪುಟಿಯುವುದೂ ಬೆಂದ ಪಿಷ್ಟದ ಅಂಟುತನದಿಂದಲೇ.

ಹೆದರಿ ಆ ಕಾಳು ಆರಿಸಿ ಎಸೆದರೆ ಹೋಗುವುದು ರಕ್ತಹೀನತೆ ತಡೆಯಲೆಂದು ಸೇರಿಸಿದ ಕಬ್ಬಿಣದ ಅಂಶ. ಮುಂದಿನ ಸಲ ಇಂಥ ವಿಡಿಯೊ ಬಂದರೆ ಫಾರ್ವರ್ಡ್ ಮಾಡುವ ಮೊದಲು ಕೇಳಿ: ಎಷ್ಟು ಗುಣ ನೋಡಿ ಈ ತೀರ್ಪು ಕೊಟ್ಟಿದ್ದಾರೆ?