ಕೆ. ವೆಂಕಟಪ್ಪ: ಫೋಟೋ ನೋಡಿ ಬಣ್ಣ ಹಾಕಿಸುವ ಮುನ್ನ

ಜಲವರ್ಣದ ಪಾಠಕ್ಕೆ ಪೂರಕವಾಗಿ ಒಬ್ಬ ಕಲಾವಿದರ ಜೀವನ ಹೇಳಬೇಕೆಂದರೆ ನಾನು ಕೆ. ವೆಂಕಟಪ್ಪನವರನ್ನೇ ಆರಿಸಿಕೊಳ್ಳುತ್ತೇನೆ. ಕೊಡಿಗೇನಹಳ್ಳಿಯಲ್ಲಿ ನನ್ನ ಬೋಧನಾಭ್ಯಾಸದ ವಿಷಯ ವಿಜ್ಞಾನ. ಜೊತೆಗೆ ಎಂಟನೇ ತರಗತಿಗೆ ಕಲಾ ಶಿಕ್ಷಣದ ಕೆಲವು ಅವಧಿಗಳನ್ನೂ ತೆಗೆದುಕೊಂಡೆ. ಮಧುಗಿರಿ ಬೆಟ್ಟದ ಫೋಟೋ ಇಟ್ಟುಕೊಂಡು ಜಲವರ್ಣ ಚಿತ್ರ ಮಾಡಿಸುವುದು ಪಾಠ. ಫೋಟೋ ನೋಡಿ ಮಾಡಿದ್ದು ಚಿತ್ರವೋ ನಕಲೋ ಎಂಬ ಪ್ರಶ್ನೆ ಪಾಠ ಯೋಜನೆ ಬರೆಯುವಾಗಲೇ ಎದುರಾಗುತ್ತದೆ. ಅದನ್ನು ಬಗೆಹರಿಸದೆ ಉದ್ದೇಶಗಳ ಅಂಕಣ ತುಂಬುವುದು ಕಷ್ಟ.

ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ಮನೆಗಳಲ್ಲಿ ಕಲಿಕೆ ಶುರುವಾಗುತ್ತಿದ್ದುದೇ ಹಿರಿಯರ ಚಿತ್ರವನ್ನು ನೋಡಿ ಬಿಡಿಸುವುದರಿಂದ. ದೇವತೆಯ ಭಂಗಿ, ಆಯುಧ, ಆಭರಣ ಎಲ್ಲವೂ ಮೊದಲೇ ಗೊತ್ತಾದವು. ಗೆಸ್ಸೋ ಏರಿಸಿ ಚಿನ್ನದ ರೇಕು ಅಂಟಿಸುವ ಕೈಗೆ ಬಹಳ ತಾಳ್ಮೆ ಬೇಕು. ನೋಡಿ ಬಿಡಿಸುವುದನ್ನು ಕೀಳೆಂದು ತಳ್ಳಿಹಾಕುವ ಮುನ್ನ ನಾವು ಈ ಹಿನ್ನೆಲೆಯನ್ನು ನೆನೆಯಬೇಕು. ಅವರ ಕೈ ಪಳಗಿದ್ದೇ ಅಲ್ಲಿ.

ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಅವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಅಲ್ಲಿ ಗುರುಗಳು ಅವನೀಂದ್ರನಾಥ ಠಾಕೂರ್. ಅದೇ ಬಳಗದ ಶಿಷ್ಯರಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್ ಇದ್ದರು. ಅವನೀಂದ್ರನಾಥರು ಜಪಾನಿನಿಂದ ಬಂದಿದ್ದ ಕಲಾವಿದರ ಒಡನಾಟದಲ್ಲಿ ವಾಶ್ ಪದ್ಧತಿಯನ್ನು ರೂಢಿಸಿಕೊಂಡಿದ್ದರು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ಅದ್ದಿ, ಆರಿದ ಮೇಲೆ ಮತ್ತೆ ತೆಳುವಾಗಿ ಬಣ್ಣ ಕೊಟ್ಟು, ಹೀಗೆ ಪದರದ ಮೇಲೆ ಪದರ ಕೂರಿಸುವುದು ಆ ಕ್ರಮ. 1913ರಲ್ಲಿ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ ಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳಿದ್ದವು. ಆಗ ಅವರಿಗೆ ಇಪ್ಪತ್ತೇಳು ವರ್ಷ, ಹೆಚ್ಚುಕಡಿಮೆ ನಮ್ಮ ತರಗತಿಯವರ ವಯಸ್ಸು.

ಮೈಸೂರಿಗೆ ಮರಳಿದ ಮೇಲೆ ಅವರ ಕೆಲಸ ಬೇರೆ ದಿಕ್ಕಿಗೆ ತಿರುಗಿತು. ದಂತದ ಮೇಲೆ ಪುಟ್ಟ ಭಾವಚಿತ್ರ ಬರೆದರು, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದರು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಅದು ಹವ್ಯಾಸಕ್ಕಿಂತ ಹೆಚ್ಚು, ಚಿತ್ರದ ಜೊತೆ ಪೈಪೋಟಿಗೆ ನಿಂತ ಗೀಳು. ಆದರೆ ನಮ್ಮ ಪಾಠಕ್ಕೆ ಬೇಕಾದ ವೆಂಕಟಪ್ಪ ಸಿಗುವುದು ಊಟಿ ಮತ್ತು ಕೊಡೈಕೆನಾಲಿನ ಜಲವರ್ಣ ನಿಸರ್ಗ ಚಿತ್ರಗಳಲ್ಲಿ. 1920 ಮತ್ತು 30ರ ದಶಕಗಳ ಈ ಚಿತ್ರಗಳಲ್ಲಿ ದೇವತೆಗಳಿಲ್ಲ, ಕಥೆಯಿಲ್ಲ. ಮಂಜು, ಮುಂಗಾರಿನ ಮೋಡ, ಕೆರೆಯ ನೀರು, ಬೆಳದಿಂಗಳು ಇವೇ ವಸ್ತು. ಮೊದಲ ನೋಟಕ್ಕೆ ಫೋಟೋದಷ್ಟು ಕರಾರುವಾಕ್ಕು ಎನ್ನಿಸುತ್ತವೆ.

ಅಂದಿನ ಫೋಟೋ ಕಪ್ಪುಬಿಳುಪು ಎಂಬುದನ್ನು ಮಕ್ಕಳಿಗೆ ಹೇಳಿದರೆ ಚರ್ಚೆ ತಾನಾಗಿ ಹುಟ್ಟುತ್ತದೆ. ಬೆಳದಿಂಗಳಿನ ನೀಲಿ, ಮೋಡ ಒಡೆದಾಗಿನ ಬೂದು ಹೊಂಬಣ್ಣ ಕಣ್ಣಿನಿಂದಲೇ ಬರಬೇಕು. ಈಗಿನ ಮೊಬೈಲು ಬಣ್ಣವನ್ನೂ ಕೊಡುತ್ತದೆ, ಆದರೆ ನೆರಳನ್ನು ಹಲವು ಸಲ ಬರೀ ಕಪ್ಪಾಗಿಸುತ್ತದೆ. ಹಾಗಾಗಿ ಮಕ್ಕಳು ನೆರಳಿಗೆ ಕಪ್ಪು ಬಣ್ಣದ ಬಿಲ್ಲೆಯನ್ನೇ ತಿಕ್ಕುತ್ತಾರೆ.

ಇದೇ ಕಾರಣಕ್ಕೆ ನಾನು ಮಧುಗಿರಿ ಬೆಟ್ಟದ ಫೋಟೋವನ್ನು ಬೇಕೆಂದೇ ಕಪ್ಪುಬಿಳುಪಿನಲ್ಲಿ ಪ್ರಿಂಟ್ ಮಾಡಿಸಿ ಹಂಚಿದೆ. ಆಕಾರ, ಅಳತೆ, ಎಲ್ಲಿ ಬೆಳಕು ಎಲ್ಲಿ ಕತ್ತಲು ಎಂಬುದಕ್ಕೆ ಫೋಟೋ. ಬಣ್ಣಕ್ಕೆ ಹೊರಗಿನ ಬಯಲು. ತರಗತಿಯನ್ನು ಅಂಗಳಕ್ಕೆ ಕರೆದೊಯ್ದು ಹತ್ತಿರದ ಬಂಡೆ, ದೂರದ ಗುಡ್ಡ ಎರಡನ್ನೂ ನೋಡಿಸಿದೆ. ದೂರದ್ದು ನೀಲಿಯಾಗಿ ಕಂಡದ್ದಕ್ಕೆ ಗಾಳಿಯಲ್ಲಿ ಬೆಳಕು ಚದುರುವುದು ಕಾರಣ ಎಂದಾಗ ವಿಜ್ಞಾನದ ಅವಧಿಯೂ ಅದರಲ್ಲೇ ಸೇರಿತು. ಬಂಡೆಗೆ ಕಂದು ಹಚ್ಚಲು ಹೊರಟಿದ್ದ ಹುಡುಗಿಯೊಬ್ಬಳು ಅದರಲ್ಲಿ ಗುಲಾಬಿ ಛಾಯೆಯೂ, ಮಳೆನೀರು ಹರಿದ ಕಪ್ಪು ಗೆರೆಗಳೂ ಇವೆಯೆಂದು ತೋರಿಸಿದಳು. ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲನ್ನು ನೋಡಿದ್ದ ಮಕ್ಕಳು ಒಣಹುಲ್ಲಿಗೆ ಬರೀ ಹಳದಿ ಸಾಲದು ಎಂದು ವಾದಿಸಿದರು.

ಕೈಕೆಲಸದ ಸೂಚನೆ ಕಡಿಮೆಯೇ ಇರಲಿ. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ, ಆದ್ದರಿಂದ ತಿಳಿಯಿಂದ ಗಾಢಕ್ಕೆ ಹೋಗಬೇಕು. ನಮ್ಮ ಕಡೆಯ ಬಿಸಿಲಿಗೆ ಬಣ್ಣ ಬೇಗ ಆರಿ ಅಂಚು ಕಟ್ಟುತ್ತದೆ; ಆಕಾಶದ ಭಾಗವನ್ನು ಮೊದಲೇ ನೀರಿನಿಂದ ಒದ್ದೆ ಮಾಡಿಸಿದರೆ ಒಳ್ಳೆಯದು. ಸಾಮಾನ್ಯ ಡ್ರಾಯಿಂಗ್ ಶೀಟು ಉಬ್ಬುವುದರಿಂದ ನಾಲ್ಕೂ ಕಡೆ ರಟ್ಟಿಗೆ ಅಂಟಿಸಿರಬೇಕು. ನಲವತ್ತು ನಿಮಿಷದ ಒಂದು ಅವಧಿಗೆ ಇದು ಮುಗಿಯುವುದಿಲ್ಲ, ಎರಡನ್ನು ಜೋಡಿಸಿ ಕೇಳಿಕೊಳ್ಳಬೇಕು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಸರೆಯಾಗಿದ್ದ ದೊರೆ ಹೋದ ಮೇಲೆ ವೆಂಕಟಪ್ಪನವರು ಬೆಂಗಳೂರಿಗೆ ಬಂದು ನೆಲೆಸಿದರು. ಮದುವೆಯಾಗಿರಲಿಲ್ಲ, ಜನರ ಒಡನಾಟ ಕಡಿಮೆ, ಚಿತ್ರ ಮಾರುವುದೆಂದರೆ ಆಗದು. ಈ ಹಟದಿಂದ ಅವರ ಬದುಕು ಒಂಟಿಯಾಯಿತೆಂದು ಮರುಗುವವರಿದ್ದಾರೆ. ನನಗೆ ಅದರ ಇನ್ನೊಂದು ಮಗ್ಗುಲೂ ಕಾಣುತ್ತದೆ: ಮಾರದೆ ಉಳಿಸಿಕೊಂಡದ್ದರಿಂದಲೇ ಅಷ್ಟು ಚಿತ್ರಗಳು ಚದುರದೆ ಒಂದೆಡೆ ಸಿಕ್ಕವು. 1965ರಲ್ಲಿ ಅವರು ನಿಧನರಾದರು. ಮುಂದಿನ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ, ಅವರ ಹೆಸರಿನ ಚಿತ್ರಶಾಲೆ ಆರಂಭವಾಯಿತು. ನಮ್ಮ ಶಾಲೆಗಳು ಪ್ರವಾಸಕ್ಕೆ ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ ತಪ್ಪಿಸುವುದಿಲ್ಲ. ಎರಡೂ ಅಲ್ಲಿಗೆ ಹತ್ತಿರವೇ. ಪ್ರವಾಸದ ಪಟ್ಟಿಯಲ್ಲಿ ಈ ಚಿತ್ರಶಾಲೆಯ ಹೆಸರನ್ನೂ ಬರೆದು, ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗಬಹುದು.